ಹೀಟರ್ ಉರಿಯುತ್ತಿದೆ, ಗಾಜಿನ ಕೋಣೆ ಬೆಚ್ಚಗಾಗುತ್ತಿಲ್ಲ: ದೋಷ ಹುಡುಕುವ ಬಗೆ

ಚಿತ್ರದುರ್ಗ, ದಾವಣಗೆರೆ ಕಡೆ ಈಗ ತಾರಸಿಯ ಮೇಲೆ, ಇಲ್ಲವೇ ಮನೆ ಮುಂದಿನ ವರಾಂಡಕ್ಕೆ ಗಾಜು ಹಾಕಿಸಿ ಒಂದು ಕೋಣೆ ಮಾಡಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಮೂರು ಕಡೆ ಅಲ್ಯೂಮಿನಿಯಂ ಚೌಕಟ್ಟಿನ ಸ್ಲೈಡಿಂಗ್ ಗಾಜು, ಒಂದು ಕಡೆ ಮನೆಯ ಗೋಡೆ, ಮೇಲೆ ಪಾಲಿಕಾರ್ಬೊನೇಟ್ ಶೀಟ್. ವಯಸ್ಸಾದವರು ಪೇಪರ್ ಓದುತ್ತಾ ಕೂರುತ್ತಾರೆ, ಮಕ್ಕಳು ಪರೀಕ್ಷೆಗೆ ಓದಿಕೊಳ್ಳುತ್ತಾರೆ, ಮೂಲೆಯಲ್ಲಿ ನಾಲ್ಕು ಗಿಡ ಇರುತ್ತವೆ. ಡಿಸೆಂಬರ್ ಬಂತೆಂದರೆ ಸಂಜೆ ಏಳರ ಮೇಲೆ ಅಲ್ಲಿ ಕೂರಲು ಆಗುವುದಿಲ್ಲ. ಹೀಟರ್ ತರುತ್ತಾರೆ, ಸಾಲುವುದಿಲ್ಲ. ಇನ್ನೂ ದೊಡ್ಡದು ತರುತ್ತಾರೆ. ಆಗ ಪ್ಲಗ್ ಕರಗಲು ಶುರುವಾಗುತ್ತದೆ.

ಇಂಥ ಕೋಣೆಗಳನ್ನು ನೋಡಲು ನನ್ನನ್ನು ಆಗಾಗ ಕರೆಯುತ್ತಾರೆ. ಹೀಟರೇ ಕೆಟ್ಟಿರುವುದು ಕಡಿಮೆ. ಶಾಖ ಬರುತ್ತಿರುತ್ತದೆ, ಆದರೆ ನಿಲ್ಲುತ್ತಿರುವುದಿಲ್ಲ. ಆದ್ದರಿಂದ ಎರಡನೇ ಹೀಟರಿಗೆ ದುಡ್ಡು ಹಾಕುವ ಮೊದಲು, ಇರುವ ಶಾಖ ಎಲ್ಲಿಂದ ಹೋಗುತ್ತಿದೆ ಎಂದು ಪತ್ತೆ ಮಾಡಿ. ಒಂದು ಸಂಜೆಯ ಕೆಲಸ. ಎರಡು ಮೂರು ಸಣ್ಣ ಥರ್ಮಾಮೀಟರ್, ಒಂದು ಊದಿನಕಡ್ಡಿ ಇದ್ದರೆ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಮೊದಲು ಅಳೆಯಿರಿ

ಚಳಿ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ತರ. ಅಜ್ಜಿಗೆ ನಡುಕ, ಮೊಮ್ಮಗನಿಗೆ ಏನೂ ಇಲ್ಲ. ಹಾಗಾಗಿ ಅಂಕಿಯಿಂದಲೇ ಶುರು ಮಾಡಬೇಕು. ಒಂದು ಥರ್ಮಾಮೀಟರನ್ನು ಕುರ್ಚಿಯಲ್ಲಿ ಕೂತವರ ಎದೆಮಟ್ಟಕ್ಕೆ ಕಟ್ಟಿ. ಇನ್ನೊಂದನ್ನು ಚಾವಣಿಯಿಂದ ಒಂದು ಗೇಣು ಕೆಳಗೆ. ಮೂರನೆಯದು ಹೊರಗೆ, ಗೋಡೆಗೆ ತಾಗದಂತೆ. ಯಾವುದೂ ಹೀಟರಿನ ಕೆಂಪು ಬೆಳಕಿಗೆ ನೇರವಾಗಿ ಬೀಳಬಾರದು, ಗಾಜಿಗೂ ಅಂಟಬಾರದು. ಕತ್ತಲಾದ ಮೇಲೆ ಬಾಗಿಲು ಕಿಟಕಿ ಮುಚ್ಚಿ, ಹೀಟರ್ ಹಾಕಿ, ಒಂದು ಗಂಟೆ ಬಿಟ್ಟು ಮೂರನ್ನೂ ಬರೆದುಕೊಳ್ಳಿ. ಆಮೇಲೆ ಹೀಟರ್ ಆರಿಸಿ, ಹತ್ತು ನಿಮಿಷಕ್ಕೊಮ್ಮೆ ಮತ್ತೆ ನೋಡಿ.

ಮೇಲೆ 30, ಕೂರುವ ಮಟ್ಟದಲ್ಲಿ 20 ಇದ್ದರೆ, ಬಿಸಿಗಾಳಿ ಮೇಲೆ ಹೋಗಿ ಅಲ್ಲೇ ನಿಂತಿದೆ. ನಮ್ಮ ಮನೆಗಳಲ್ಲಿ ಇದಕ್ಕೆ ಮದ್ದು ತಲೆಯ ಮೇಲೆಯೇ ಇದೆ. ಸೀಲಿಂಗ್ ಫ್ಯಾನನ್ನು ಒಂದನೇ ನಂಬರಿನಲ್ಲಿ ತಿರುಗಿಸಿ. ಹಿಮ್ಮುಖ ತಿರುಗುವ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು, ಮೈಗೆ ಗಾಳಿ ಬಡಿಯುವುದಿಲ್ಲ.

ಎರಡೂ ಕಡೆ ಹೊರಗಿಗಿಂತ ಎರಡು ಮೂರು ಡಿಗ್ರಿ ಮಾತ್ರ ಜಾಸ್ತಿ ಇದ್ದರೆ, ಒಂದೋ ಹೀಟರ್ ತನ್ನ ಪೂರ್ತಿ ಶಕ್ತಿ ಕೊಡುತ್ತಿಲ್ಲ, ಇಲ್ಲವೇ ಗಾಳಿ ಧಾರಾಳವಾಗಿ ಓಡಾಡುತ್ತಿದೆ. ಚೆನ್ನಾಗಿ ಏರಿ, ಹೀಟರ್ ಆರಿಸಿದ ಹತ್ತು ನಿಮಿಷದಲ್ಲೇ ಬಿದ್ದುಹೋದರೆ, ದೋಷ ಸಂದುಗಳಲ್ಲಿ ಅಥವಾ ಗಾಜು, ಚಾವಣಿಯಲ್ಲಿ. ಸ್ವಲ್ಪ ಏರಿ ಅಲ್ಲೇ ನಿಂತು, ಹೀಟರ್ ತಾನಾಗಿ ಆರಿ ಹತ್ತುತ್ತಿದ್ದರೆ ಥರ್ಮೋಸ್ಟಾಟ್ ನೋಡಿ. ಹೀಟರಿನ ಒಳಗಿರುವ ಥರ್ಮೋಸ್ಟಾಟ್ ತನ್ನ ಸುತ್ತಲಿನ ಬಿಸಿಯನ್ನೇ ಕೋಣೆಯ ಬಿಸಿ ಎಂದುಕೊಳ್ಳುತ್ತದೆ. ಸೋಫಾ ಹಿಂದೆ, ಪರದೆಯ ಮಗ್ಗುಲಲ್ಲಿ ಇಟ್ಟರೆ ಬೇಗ ಆರುತ್ತದೆ. ಬಯಲಿಗೆ ಎಳೆದು ಇಡಿ, ಹಿಂಬದಿಯ ಜಾಲರಿಯ ಧೂಳು ತೆಗೆಯಿರಿ. ಧೂಳು ಕಟ್ಟಿದ ಫ್ಯಾನ್ ಹೀಟರ್ ಒಳಗೊಳಗೇ ಕಾದು ತನ್ನ ರಕ್ಷಣೆಗೆ ತಾನೇ ನಿಲ್ಲುತ್ತದೆ.

ಹೀಟರ್, ವೈರು, ವೋಲ್ಟೇಜ್

ಎರಡು ಕಡ್ಡಿಯ ಹೀಟರಿನಲ್ಲಿ ಒಂದು ಕಡ್ಡಿ ಸತ್ತಿದ್ದರೂ ಎಷ್ಟೋ ಜನ ಗಮನಿಸುವುದಿಲ್ಲ. ಕತ್ತಲಲ್ಲಿ ಒಮ್ಮೆ ನೋಡಿ. ಅದಾದ ಮೇಲೆ ವೋಲ್ಟೇಜ್.

ಹೀಟರಿನ ಮೇಲೆ 2000 ವ್ಯಾಟ್ ಎಂದು ಬರೆದಿರುವುದು 230 ವೋಲ್ಟಿಗೆ. ವೋಲ್ಟೇಜ್ ಇಳಿದರೆ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 190 ವೋಲ್ಟ್ ಬಂದರೆ ಅದೇ ಹೀಟರ್ ಕೊಡುವುದು ಸುಮಾರು 1365 ವ್ಯಾಟ್. ಅಂದರೆ ಮೂರರಲ್ಲಿ ಒಂದು ಪಾಲು ಶಾಖ ಹೋಯಿತು, ಹೀಟರ್ ಕೆಡದೆಯೇ. ಹಳ್ಳಿಯ ಲೈನಿನಲ್ಲಿ, ಬಡಾವಣೆಯ ಕೊನೆಯ ಮನೆಗಳಲ್ಲಿ ಇದನ್ನು ನೋಡಲೇಬೇಕು.

ಮಲ್ಟಿಮೀಟರ್ ಹಿಡಿಯಲು ಬರುವವರು ಹೀಟರ್ ಆರಿಸಿದಾಗ ಒಮ್ಮೆ, ಹಾಕಿದಾಗ ಒಮ್ಮೆ ಅದೇ ಬೋರ್ಡಿನ ವೋಲ್ಟೇಜ್ ಅಳೆಯಬೇಕು. ಬರದವರು ಎಲೆಕ್ಟ್ರಿಷಿಯನ್ ಕರೆಯಿರಿ, ಇದರಲ್ಲಿ ನಾಚಿಕೆ ಬೇಡ. ಆರಿಸಿದಾಗಲೇ 195 ಇದ್ದರೆ ಕಡಿಮೆ ಬರುತ್ತಿರುವುದು ಲೈನಿನಿಂದ. ಆರಿಸಿದಾಗ 228 ಇದ್ದು, ಹಾಕಿದ ಕೂಡಲೇ ಹತ್ತು ವೋಲ್ಟಿಗಿಂತ ಜಾಸ್ತಿ ಕುಸಿದರೆ ನಿಮ್ಮ ವೈರು ಸಣ್ಣದು, ಇಲ್ಲವೇ ಎಲ್ಲೋ ಜಾಯಿಂಟ್ ಸಡಿಲ. ಕಳೆದುಹೋದ ಆ ವೋಲ್ಟು ಗೋಡೆಯೊಳಗಿನ ವೈರನ್ನು, ಜಾಯಿಂಟನ್ನು ಕಾಯಿಸುತ್ತಿರುತ್ತದೆ.

ತಾರಸಿ ಕೋಣೆಗಳಲ್ಲಿ ಇದು ತೀರಾ ಸಾಮಾನ್ಯ. ಮನೆ ಕಟ್ಟುವಾಗ ಕೋಣೆ ಇರಲಿಲ್ಲ, ಆಮೇಲೆ ಮೆಟ್ಟಿಲ ದೀಪದ ಲೈನಿನಿಂದ ಕರೆಂಟ್ ಎಳೆದಿರುತ್ತಾರೆ. ದೀಪದ ವೈರು ದೀಪಕ್ಕೆ ಮಾತ್ರ. 2000 ವ್ಯಾಟಿನ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್, 2.5 ಚದರ ಮಿಲಿಮೀಟರ್ ತಾಮ್ರದ ವೈರು, ಸರಿಯಾದ ಅರ್ಥಿಂಗ್, ತನ್ನದೇ ಎಂಸಿಬಿ (ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್) ಬೇಕು. ಆರು ಆಂಪಿಯರಿನ ಎಕ್ಸ್‌ಟೆನ್ಷನ್ ಬೋರ್ಡಿಗೆ ಕನ್ವರ್ಟರ್ ಪಿನ್ ಹಾಕಿ ಹೀಟರ್ ಓಡಿಸುವುದನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಪ್ಲಗ್ ಮುಟ್ಟಿ ನೋಡಿ. ಸ್ವಲ್ಪ ಬೆಚ್ಚಗಿದ್ದರೆ ಸರಿ. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ, ಕಂದು ಬಣ್ಣಕ್ಕೆ ತಿರುಗಿದ್ದರೆ, ಪ್ಲಾಸ್ಟಿಕ್ ವಾಸನೆ ಬರುತ್ತಿದ್ದರೆ ಆ ಬೋರ್ಡನ್ನು ಮತ್ತೆ ಬಳಸಬೇಡಿ. ಚಳಿಗಾಲದ ಮೊದಲ ದಿನ ಹೀಟರಿನಿಂದ ಬರುವ ಸುಟ್ಟ ಧೂಳಿನ ವಾಸನೆ ಬೇರೆ, ಅದು ಕೆಲವೇ ನಿಮಿಷದಲ್ಲಿ ಹೋಗುತ್ತದೆ.

ಇನ್ನೊಂದು ಗೊಂದಲ ಟ್ರಿಪ್ ಆಗುವುದರದ್ದು. ಎಂಸಿಬಿ ಬಿದ್ದರೆ ಸಾಮಾನ್ಯವಾಗಿ ಲೋಡು ಜಾಸ್ತಿ, ಇಲ್ಲವೇ ಶಾರ್ಟ್. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿದು ಶಾಕ್ ತಪ್ಪಿಸುವ ಸ್ವಿಚ್, ಬಿದ್ದರೆ ಕರೆಂಟ್ ಭೂಮಿಗೆ ಸೋರುತ್ತಿದೆ. ಮಳೆಗಾಲವೆಲ್ಲ ಅಟ್ಟದ ಮೇಲಿದ್ದ ಹೀಟರಿನ ಎಲಿಮೆಂಟ್ ತೇವ ಹೀರಿಕೊಂಡಿರುತ್ತದೆ, ಮೊದಲ ದಿನ ಆರ್‌ಸಿಸಿಬಿ ಬೀಳುವುದಕ್ಕೆ ಅದೂ ಒಂದು ಕಾರಣ. ರಿಪೇರಿಯವರಿಗೆ ತೋರಿಸಿ. ಆರ್‌ಸಿಸಿಬಿಯನ್ನೇ ತಪ್ಪಿಸಿ ನೇರ ಲೈನ್ ಕೊಡಿ ಎಂದು ಕೇಳಬೇಡಿ, ಕೊಡುತ್ತೇನೆ ಎನ್ನುವವರನ್ನು ಮನೆಗೆ ಸೇರಿಸಬೇಡಿ.

ಮೂಡಣ ಗಾಳಿಯ ಸಂದು

ಇಲ್ಲಿ ನಿಧಾನವಾಗಿ ನೋಡಿ, ಏಕೆಂದರೆ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಸಿಗುವುದು ಇಲ್ಲೇ.

ಚಿತ್ರದುರ್ಗ ಗಾಳಿಯ ಊರು. ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಂತಿರುವುದು ಸುಮ್ನೆ ಅಲ್ಲ. ಆದರೆ ಮಳೆಗಾಲದ ಜೋರು ಗಾಳಿ ಪಶ್ಚಿಮದ ಕಡೆಯಿಂದ ಬರುತ್ತದೆ, ಚಳಿಗಾಲದ ಗಾಳಿ ಬರುವುದು ಮೂಡಲಿಂದ. ಗಾಜಿನ ಕೋಣೆ ಮಾಡುವವರಿಗೆ ಮಳೆಯದೇ ಚಿಂತೆ. ಪಡುವಣ ಕಡೆ ಸಿಲಿಕೋನ್ ಗಟ್ಟಿಯಾಗಿ ತುಂಬುತ್ತಾರೆ, ಮೇಲೆ ಪಟ್ಟಿ ಹೊಡೆಯುತ್ತಾರೆ. ಮೂಡಲ ಕಡೆ ಇರಚಲು ಹೊಡೆಯುವುದು ಕಡಿಮೆ ಎಂದು ಅಷ್ಟಕ್ಕಷ್ಟೇ ಬಿಡುತ್ತಾರೆ. ಮಳೆ ಬಂದಾಗ ಒಂದು ಹನಿಯೂ ಸೋರಲಿಲ್ಲ, ಹಾಗಾಗಿ ಕೋಣೆ ಭದ್ರವಾಗಿದೆ ಎಂದು ಮನೆಯವರು ನಂಬಿರುತ್ತಾರೆ. ಡಿಸೆಂಬರಿನಲ್ಲಿ ಅದೇ ಮೂಡಲ ಸಂದುಗಳಿಂದ ಗಾಳಿ ನುಗ್ಗುತ್ತದೆ. ನೀವು ಹುಡುಕಾಟ ಶುರು ಮಾಡಬೇಕಾದದ್ದು ಆ ಕಡೆಯಿಂದ.

ಗಾಳಿ ಬೀಸುವ ಸಂಜೆ ಫ್ಯಾನ್, ಹೀಟರ್ ಎರಡನ್ನೂ ಆರಿಸಿ ಊದಿನಕಡ್ಡಿ ಹಚ್ಚಿ. ಹೊಗೆ ನೇರ ಮೇಲೆ ಹೋಗುತ್ತಿದ್ದರೆ ಅಲ್ಲಿ ಸಂದಿಲ್ಲ. ಒಳಗೆ ಬಾಗಿದರೆ ಗಾಳಿ ಬರುತ್ತಿದೆ, ಹೊರಗೆ ಎಳೆದರೆ ನಿಮ್ಮ ಬಿಸಿಗಾಳಿ ಹೋಗುತ್ತಿದೆ. ಪರದೆಗೆ ಕಿಡಿ ತಾಗದಂತೆ ಜೋಪಾನ. ಕಡ್ಡಿಯನ್ನು ಈ ಜಾಗಗಳಲ್ಲಿ ಹಿಡಿಯಿರಿ: ಎರಡು ಸ್ಲೈಡಿಂಗ್ ಬಾಗಿಲು ಒಂದರ ಮೇಲೊಂದು ಕೂರುವ ನಡು ಪಟ್ಟಿ, ಕೆಳಗಿನ ಟ್ರ್ಯಾಕ್, ಮನೆಯ ಗೋಡೆಗೆ ಚೌಕಟ್ಟು ಸೇರುವ ಮೂಲೆ, ಬಾಗಿಲ ಹೊಸಿಲು, ಶೀಟು ಗೋಡೆಗೆ ತಾಗುವ ಸಾಲು. ಶೀಟು ಅಲೆಅಲೆಯಾಗಿದ್ದರೆ ಪ್ರತಿ ಅಲೆಯ ಕೆಳಗೂ ಒಂದು ತೂತು ಎಂದೇ ಲೆಕ್ಕ. ಅದಕ್ಕೆ ಹೊಂದುವ ಫೋಮ್ ತುಂಡುಗಳು ಸಿಗುತ್ತವೆ, ಶೀಟು ಮಾರುವವರನ್ನೇ ಕೇಳಿ. ಪೊಳ್ಳು ಕೊಳವೆಗಳಿರುವ ಪಾಲಿಕಾರ್ಬೊನೇಟ್ ಶೀಟಿನ ತುದಿಗಳನ್ನು ಟೇಪಿನಿಂದ ಮುಚ್ಚದೆ ಬಿಟ್ಟಿದ್ದರೆ ಗಾಳಿ ಅದರೊಳಗೇ ಓಡಾಡಿ ಶೀಟಿನ ಗುಣವೇ ಹೋಗುತ್ತದೆ.

ಸ್ಲೈಡಿಂಗ್ ಬಾಗಿಲಿನ ಅಂಚಿನ ಬ್ರಷ್ ಪಟ್ಟಿ ನಾಲ್ಕೈದು ಬೇಸಿಗೆಗೆ ಒಣಗಿ, ಧೂಳು ತುಂಬಿ, ಮಲಗಿಬಿಟ್ಟಿರುತ್ತದೆ. ಮೀಟರ್ ಲೆಕ್ಕದಲ್ಲಿ ಹೊಸದು ಸಿಗುತ್ತದೆ, ಹಳೆಯದನ್ನು ಎಳೆದು ಹೊಸದನ್ನು ತೂರಿಸಿದರೆ ಆಯಿತು. ಟ್ರ್ಯಾಕಿನಲ್ಲಿ ನೀರು ಹೋಗಲು ಬಿಟ್ಟ ಸಣ್ಣ ತೂತುಗಳನ್ನು ಮಾತ್ರ ಸಿಲಿಕೋನಿನಿಂದ ಮುಚ್ಚಬೇಡಿ, ಮಳೆಗಾಲದಲ್ಲಿ ನೀರು ಒಳಗೆ ಬರುತ್ತದೆ. ಚಳಿಗಾಲಕ್ಕೆ ಬಟ್ಟೆಯ ತುಂಡು ತುರುಕಿ, ಮೇ ತಿಂಗಳಲ್ಲಿ ತೆಗೆದರೆ ಸಾಕು.

ಕೆಲವರು ಬೇಕೆಂದೇ ಕಿಟಕಿ ಅರ್ಧ ತೆರೆದಿರುತ್ತಾರೆ. ಹೀಟರ್ ಆಮ್ಲಜನಕ ಸುಡುತ್ತದೆ ಎನ್ನುವ ಭಯ. ಕರೆಂಟಿನ ಹೀಟರ್ ಆಮ್ಲಜನಕ ಸುಡುವುದಿಲ್ಲ. ಗಾಳಿ ಬಿಸಿಯಾದಾಗ ಒಣ ಎನಿಸುತ್ತದೆ, ಗಂಟಲು ಒಣಗುತ್ತದೆ, ಅಷ್ಟೇ. ಆದರೆ ಉರಿಸುವ ಯಾವುದೇ ವಸ್ತುವಿನ ಮಾತು ಪೂರ್ತಿ ಬೇರೆ. ಇದ್ದಿಲ ಒಲೆ, ಅಗ್ಗಿಷ್ಟಿಕೆ, ಗ್ಯಾಸ್ ಸ್ಟೌ ಇವನ್ನು ಮುಚ್ಚಿದ ಗಾಜಿನ ಕೋಣೆಗೆ ತರಲೇಬಾರದು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಎನ್ನುವಷ್ಟರಲ್ಲಿ ಎದ್ದು ಬಾಗಿಲು ತೆರೆಯುವ ಶಕ್ತಿಯೂ ಇರುವುದಿಲ್ಲ. ನೀವು ಸಂದುಗಳನ್ನು ಚೆನ್ನಾಗಿ ಮುಚ್ಚಿದಷ್ಟೂ ಈ ಅಪಾಯ ಜಾಸ್ತಿ. ಹಾಗಾಗಿ ಸಂದು ಮುಚ್ಚುವ ದಿನವೇ ಕೆಂಡದ ಬುಟ್ಟಿಯನ್ನು ಆ ಕೋಣೆಯಿಂದ ಆಚೆ ಕಳಿಸಿ.

ಗಾಜು ಎಷ್ಟು ಕಳೆಯುತ್ತದೆ: ಒಂದು ಲೆಕ್ಕ

ಸಂದು ಮುಚ್ಚಿದ ಮೇಲೂ ಸಾಲದಿದ್ದರೆ ಈ ಲೆಕ್ಕ ಮಾಡಿ. ಒಂಟಿ ಗಾಜಿನ ಒಂದು ಚದರ ಮೀಟರ್, ಒಳಗೂ ಹೊರಗೂ ಪ್ರತಿ 1 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5.7 ವ್ಯಾಟ್ ಶಾಖ ಬಿಡುತ್ತದೆ. ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಬಿಡುವುದು ಸುಮಾರು 2. ಆರು ಮಿಲಿಮೀಟರಿನ ಪೊಳ್ಳು ಪಾಲಿಕಾರ್ಬೊನೇಟ್ ಸುಮಾರು 3.5.

10 ಅಡಿಗೆ 12 ಅಡಿಯ ಕೋಣೆ, 8 ಅಡಿ ಎತ್ತರ, ಒಂದು ಉದ್ದದ ಕಡೆ ಮನೆಯ ಗೋಡೆ, ಉಳಿದ ಮೂರು ಕಡೆ ಗಾಜು ಎಂದುಕೊಳ್ಳಿ. ಗಾಜು ಸುಮಾರು 24 ಚದರ ಮೀಟರ್, ಚಾವಣಿ 11. ಗಾಜಿನಿಂದ ಡಿಗ್ರಿಗೆ 136 ವ್ಯಾಟ್, ಚಾವಣಿಯಿಂದ 39. ಕೋಣೆಯ ಗಾಳಿ ಗಂಟೆಗೆ ಮೂರು ಸಲ ಬದಲಾದರೆ ಇನ್ನು 27. ಒಟ್ಟು ಹತ್ತಿರ ಹತ್ತಿರ 200 ವ್ಯಾಟ್. ಹೊರಗೆ 14 ಡಿಗ್ರಿ ಇದ್ದು ಒಳಗೆ 22 ಬೇಕೆಂದರೆ 1600 ವ್ಯಾಟ್ ಬಿಡದೆ ಉರಿಯಬೇಕು. 1000 ವ್ಯಾಟಿನ ಹೀಟರ್ ಏರಿಸುವುದು ಐದೇ ಡಿಗ್ರಿ. ಅದು ಹೀಟರಿನ ದೋಷ ಅಲ್ಲ, ಅಲ್ವಾ? ಅಂಗಡಿಯವರು ಇಷ್ಟು ಚದರಡಿಗೆ ಇಷ್ಟು ವ್ಯಾಟ್ ಎಂದು ಹೇಳುವುದು ಇಟ್ಟಿಗೆ ಗೋಡೆಯ ಕೋಣೆಯ ಲೆಕ್ಕ.

ಸಂದುಗಳು ಹಾಗೇ ಇದ್ದು ಗಾಳಿ ಗಂಟೆಗೆ ಹತ್ತು ಸಲ ಬದಲಾದರೆ ಅದೇ ಕೋಣೆಯ ನಷ್ಟ ಡಿಗ್ರಿಗೆ 265 ವ್ಯಾಟಿಗೆ ಏರುತ್ತದೆ. 2000 ವ್ಯಾಟಿನ ಹೀಟರ್ ಹತ್ತು ಡಿಗ್ರಿಯ ಬದಲು ಏಳೂವರೆ ಡಿಗ್ರಿಗೆ ನಿಲ್ಲುತ್ತದೆ. ಅದಕ್ಕೇ ಸಂದು ಮೊದಲು, ಗಾಜು ಆಮೇಲೆ.

ಗಾಜಿಗೆ ಎರಡನೇ ಪದರ ಬೇಕು. ಚೌಕಟ್ಟಿನ ಒಳಬದಿಗೆ ಒಂದೂವರೆ ಎರಡು ಸೆಂಟಿಮೀಟರ್ ಅಂತರ ಬಿಟ್ಟು ಪಾರದರ್ಶಕ ಅಕ್ರಿಲಿಕ್ ಹಾಳೆ ಕೂರಿಸಿ ಅಂಚು ಮುಚ್ಚಿದರೆ ಗಾಜಿನ ನಷ್ಟ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಲ್ಲ ಕಡೆ ಬೇಡ, ಬಿಸಿಲು ಬೀಳದ ಬಡಗಣ ಗಾಜಿಗೆ ಮೊದಲು ಮಾಡಿ. ಅಷ್ಟು ಖರ್ಚು ಬೇಡ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ವಸ್ತು ಇದೆ, ಚಳ್ಳಕೆರೆಯ ಕಂಬಳಿ. ಕುರಿ ಉಣ್ಣೆಯ ದಪ್ಪ ನೇಯ್ಗೆ ತೆಳು ಪರದೆಗಿಂತ ಎಷ್ಟೋ ಮೇಲು. ನೆಲದವರೆಗೂ ಬರಲಿ, ಬದಿಗಳು ಚೌಕಟ್ಟಿಗೆ ತಾಗಲಿ, ಮೇಲ್ಭಾಗದಲ್ಲಿ ಸಂದು ಇರದಿರಲಿ. ಮೇಲೆ ತೆರೆದಿದ್ದರೆ ಬಿಸಿಗಾಳಿ ಕಂಬಳಿಯ ಹಿಂದೆ ಇಳಿದು, ಗಾಜಿಗೆ ತಾಗಿ ತಣ್ಣಗಾಗಿ, ಕೆಳಗಿನಿಂದ ಕಾಲಿಗೆ ಬರುತ್ತದೆ. ಕಂಬಳಿಗೂ ಹೀಟರಿಗೂ ಕನಿಷ್ಠ ಮೂರಡಿ ದೂರ ಇರಬೇಕು.

ಕಂಬಳಿಯಿಂದ ಇನ್ನೊಂದು ಲಾಭ ಇದೆ. ಥರ್ಮಾಮೀಟರ್ 22 ತೋರಿಸುತ್ತಿದ್ದರೂ ಚಳಿ ಎನಿಸುವುದು ಇಂಥ ಕೋಣೆಗಳ ದೊಡ್ಡ ದೂರು. ನಮ್ಮ ಮೈ ಸುತ್ತಲಿನ ತಣ್ಣನೆಯ ಗಾಜಿಗೆ ಶಾಖ ಸೂಸುತ್ತಲೇ ಇರುತ್ತದೆ. ಗಾಜು ಕಾಣದಂತೆ ಬಟ್ಟೆ ಬಿದ್ದ ಕೂಡಲೇ, ಗಾಳಿಯ ಬಿಸಿ ಅಷ್ಟೇ ಇದ್ದರೂ ಹಿತವಾಗುತ್ತದೆ.

ಚಾವಣಿಯದ್ದು ಇದೇ ಕತೆ, ಇನ್ನೂ ಜೋರು. ಮೋಡವಿಲ್ಲದ ರಾತ್ರಿ ಶೀಟು ಆಕಾಶಕ್ಕೆ ಶಾಖ ಸೂಸಿ, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗ್ಗೆ ಅದರ ಮೇಲೆ ಇಬ್ಬನಿ ಕೂತಿರುವುದೇ ಸಾಕ್ಷಿ. ತಗಡಿನ ಶೀಟಿದ್ದು ಒಳಚಾವಣಿ ಇಲ್ಲದಿದ್ದರೆ ಯಾವ ಹೀಟರೂ ನಿಭಾಯಿಸುವುದಿಲ್ಲ. ಚಾವಣಿಯ ಕೆಳಗೆ ಎಳೆದು ಮುಚ್ಚುವ ದಪ್ಪ ಬಟ್ಟೆ ಕಟ್ಟಿಸಿ. ಬೇಸಿಗೆಯಲ್ಲೂ ನೆರಳಿಗೆ ಅದೇ ಬೇಕಾಗುತ್ತದೆ.

ಮಧ್ಯಾಹ್ನದ ಬಿಸಿಲು ವ್ಯರ್ಥವಾಗುತ್ತಿದೆಯೇ?

ಇಂಗ್ಲೆಂಡಿನಲ್ಲಿ ಇಂಥ ಕೋಣೆಗೆ ಕನ್ಸರ್ವೇಟರಿ ಎನ್ನುತ್ತಾರೆ. ಅಲ್ಲಿ ಚಳಿಗಾಲದ ಹಗಲೂ ಮಂಕು. ನಮ್ಮಲ್ಲಿ ಹಾಗಲ್ಲ. ಜನವರಿಯ ಬೆಳಗಿನ ಜಾವ 14–15 ಡಿಗ್ರಿ ಇದ್ದರೂ ಮಧ್ಯಾಹ್ನ 28ರ ಸುತ್ತ ಇರುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ, ನಡುಮಧ್ಯಾಹ್ನವೂ ದಿಗಂತದಿಂದ 52 ಡಿಗ್ರಿಯಷ್ಟೇ ಎತ್ತರದಲ್ಲಿರುತ್ತಾನೆ. ತೆಂಕಣ ಗಾಜಿನಿಂದ ಬಿಸಿಲು ಕೋಣೆಯ ಒಳಗೆ ಚೆನ್ನಾಗಿ ಬೀಳುತ್ತದೆ. ಇದನ್ನು ಹಿಡಿದಿಡದೆ ರಾತ್ರಿ ಕರೆಂಟ್ ಸುಡುವುದೂ ಒಂದು ದೋಷವೇ.

ಹಗಲು ನೆಲದ ಮೇಲಿನ ಜಮಖಾನ ಸುತ್ತಿಡಿ, ಕಡಪ ಕಲ್ಲು ಇಲ್ಲವೇ ಗ್ರಾನೈಟ್ ನೆಲಕ್ಕೆ ಬಿಸಿಲು ನೇರ ಬೀಳಲಿ. ಮೂರೂವರೆ, ನಾಲ್ಕಕ್ಕೆ, ಒಳಗೆ ಇನ್ನೂ ಸೆಖೆ ಇರುವಾಗಲೇ ಕಿಟಕಿಗಳನ್ನು ಮುಚ್ಚಿ. ಹೆಚ್ಚಿನವರು ಸಂಜೆ ಆರರವರೆಗೆ ತೆರೆದಿಟ್ಟು, ಬಿಸಿಯೆಲ್ಲ ಹೋದ ಮೇಲೆ ಮುಚ್ಚುತ್ತಾರೆ. ಸೂರ್ಯ ಇಳಿದ ಮೇಲೆ ಕಂಬಳಿ ಎಳೆದು ಜಮಖಾನ ಹಾಸಿ. ಜಾಗವಿದ್ದರೆ ಬಿಸಿಲು ಬೀಳುವ ಕಡೆ ಕಪ್ಪು ಡ್ರಮ್ಮಿನಲ್ಲಿ 200 ಲೀಟರ್ ನೀರು ಇಡಿ. ಮುಚ್ಚಳ ಇರಲಿ. ತಾರಸಿ ಭಾರ ತಡೆಯುತ್ತದೆಯೇ ಎಂದು ಮೊದಲು ಮೇಸ್ತ್ರಿಯನ್ನು ಕೇಳಿ. ಆ ನೀರು ರಾತ್ರಿ ಎಂಟು ಡಿಗ್ರಿ ತಣ್ಣಗಾದರೆ ಕೋಣೆಗೆ ಹತ್ತಿರ ಹತ್ತಿರ ಎರಡು ಯೂನಿಟ್ ಕರೆಂಟಿನಷ್ಟು ಶಾಖ ಕೊಟ್ಟಿರುತ್ತದೆ.

ಇಂಗ್ಲೆಂಡಿನಿಂದ ಕಲಿಯಬೇಕಾದ್ದೂ ಒಂದಿದೆ. ಅಲ್ಲಿ ಸಣ್ಣ ಕನ್ಸರ್ವೇಟರಿಗೆ ಕಟ್ಟಡ ನಿಯಮದಿಂದ ವಿನಾಯಿತಿ ಬೇಕೆಂದರೆ, ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನಷ್ಟೇ ಭದ್ರವಾದ ಬಾಗಿಲು ಇರಬೇಕು. ನಮ್ಮಲ್ಲಿ ಕೋಣೆ ದೊಡ್ಡದಾಗಿ ಕಾಣಲಿ ಎಂದು ನಡುವಿನ ಬಾಗಿಲನ್ನೇ ಕಿತ್ತುಹಾಕುತ್ತಾರೆ. ಆಗ ಹೀಟರಿನ ಶಾಖ ಹಾಲ್‌ಗೆ, ಮೆಟ್ಟಿಲಿಗೆ ಹರಡಿ ಹೋಗುತ್ತದೆ. ಬಾಗಿಲು ಮತ್ತೆ ಕೂರಿಸಲು ಆಗದಿದ್ದರೆ ಅಲ್ಲೂ ಒಂದು ಕಂಬಳಿ ಕಟ್ಟಿ.

ಬೆಳಗ್ಗೆ ಗಾಜಿನ ಒಳಗೆ ನೀರು

ಗಾಜು ಒಳಗಿನಿಂದ ಬೆವರುತ್ತಿದ್ದರೆ ಅದು ಮಳೆ ಸೋರಿಕೆ ಅಲ್ಲ. ಉಸಿರಿನ ತೇವ, ಗಿಡಕ್ಕೆ ಹಾಕಿದ ನೀರು, ಒಳಗೆ ಒಣಗಲು ಹಾಕಿದ ಬಟ್ಟೆ ಇವುಗಳ ತೇವ ತಣ್ಣನೆಯ ಗಾಜಿಗೆ ತಾಗಿ ನೀರಾಗುತ್ತದೆ. ಗಿಡಕ್ಕೆ ಸಂಜೆಯ ಬದಲು ಬೆಳಗ್ಗೆ ನೀರು ಹಾಕಿ, ಬಟ್ಟೆ ಹೊರಗೆ ಒಣಗಿಸಿ, ಬಿಸಿಲು ಬಂದ ಮೇಲೆ ಹತ್ತು ನಿಮಿಷ ಕಿಟಕಿ ತೆರೆಯಿರಿ. ಗಂಟಲಿಗೆ ಒಳ್ಳೆಯದೆಂದು ಹೀಟರ್ ಮುಂದೆ ನೀರಿನ ಬಟ್ಟಲು ಇಡುವವರು ಗಾಜು ಬೆವರುತ್ತಿದ್ದರೆ ಅದನ್ನು ತೆಗೆಯಿರಿ.

ಯಾವ ಹೀಟರ್?

ಇಷ್ಟೆಲ್ಲ ಆದ ಮೇಲೆ ಮಾತ್ರ ಈ ಪ್ರಶ್ನೆ. ಕಾಯಿಲ್ ಇರುವ ಎಲ್ಲ ಹೀಟರುಗಳೂ ಒಂದು ಯೂನಿಟ್ ಕರೆಂಟಿಗೆ ಒಂದೇ ಯೂನಿಟ್ ಶಾಖ ಕೊಡುತ್ತವೆ, ಬೆಲೆ ಎಷ್ಟೇ ಇರಲಿ. ಎಣ್ಣೆ ತುಂಬಿದ ರೇಡಿಯೇಟರ್ ಅರ್ಧ ಗಂಟೆಯಾದರೂ ತೆಗೆದುಕೊಂಡು ನಿಧಾನವಾಗಿ ಬಿಸಿಯಾಗುತ್ತದೆ. ಅದನ್ನು ಹಾಕಿ ಹತ್ತು ನಿಮಿಷಕ್ಕೇ ಕೆಟ್ಟಿದೆ ಎಂದುಕೊಳ್ಳಬೇಡಿ. ಗಂಟೆಗಟ್ಟಲೆ ಕೂರುವವರಿಗೆ ಅದು ಸರಿ. ಫ್ಯಾನ್ ಹೀಟರ್ ಗಾಳಿಯನ್ನು ಬೇಗ ಕಾಯಿಸುತ್ತದೆ, ಆದರೆ ಸಂದಿರುವ ಕೋಣೆಯಲ್ಲಿ ಆ ಗಾಳಿ ಅಷ್ಟೇ ಬೇಗ ಹೊರಟುಹೋಗುತ್ತದೆ.

ಇನ್ವರ್ಟರ್ ಎಸಿ ಇದ್ದರೆ ರಿಮೋಟಿನಲ್ಲಿ ಸೂರ್ಯನ ಗುರುತು ಇದೆಯೇ ನೋಡಿ. ಇದ್ದರೆ ಅದು ಬಿಸಿಯನ್ನೂ ಕೊಡುತ್ತದೆ. ಹೊರಗಿನ ಗಾಳಿಯಿಂದ ಶಾಖ ಎತ್ತಿ ತರುವುದರಿಂದ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ನಮ್ಮ ಚಳಿ ಸೌಮ್ಯವಾದ್ದರಿಂದ ಹೊರಗಿನ ಘಟಕಕ್ಕೆ ಹಿಮ ಕಟ್ಟುವ ತೊಂದರೆಯೂ ಇಲ್ಲ. ಹಾಕಿದ ಮೊದಲ ಕೆಲವು ನಿಮಿಷ ಒಳಗಿನ ಫ್ಯಾನ್ ತಿರುಗದಿದ್ದರೆ ಗಾಬರಿ ಬೇಡ, ತಣ್ಣನೆಯ ಗಾಳಿ ಬರದಿರಲಿ ಎಂದು ಅದು ಕಾಯುತ್ತಿರುತ್ತದೆ. ನಮ್ಮ ಕಡೆಯ ಬಹಳಷ್ಟು ಎಸಿಗಳು ತಂಪು ಮಾತ್ರ ಕೊಡುವಂಥವು. ಹೊಸದು ಕೊಳ್ಳುವವರು ಇದನ್ನು ಮೊದಲೇ ಕೇಳಿ.

ತಗಡಿನ ಚಾವಣಿ, ಒಂಟಿ ಗಾಜು, ಬಾಡಿಗೆ ಮನೆ, ಯಾವುದನ್ನೂ ಬದಲಿಸುವಂತಿಲ್ಲ ಎನ್ನುವವರು ಕೋಣೆಯನ್ನು ಕಾಯಿಸುವ ಆಸೆ ಬಿಟ್ಟು ಕೂತವರನ್ನು ಕಾಯಿಸಿ. 400 ವ್ಯಾಟಿನ ಒಂದು ಕಡ್ಡಿಯ ಹೀಟರನ್ನು ಮೂರಡಿ ದೂರದಿಂದ ಕಾಲಿಗೆ ತಿರುಗಿಸಿ, ಕುರ್ಚಿಯನ್ನು ಗಾಜಿನಿಂದ ಸರಿಸಿ ಮನೆಯ ಗೋಡೆಯ ಕಡೆ ಹಾಕಿ, ಬೆನ್ನ ಹಿಂದೆ ಕಂಬಳಿ ಇಳಿಬಿಡಿ. ಹಾಗೇ ನಿದ್ದೆ ಹೋಗುವ ಅಭ್ಯಾಸ ಇರುವ ಹಿರಿಯರಾದರೆ, ಬಿದ್ದರೆ ತಾನೇ ಆರುವ ಸ್ವಿಚ್ ಇರುವ ಹೀಟರನ್ನೇ ಕೊಡಿಸಿ. ಮಲಗುವ ಹೊತ್ತಿಗೆ ಅದರ ಪ್ಲಗ್ ತೆಗೆಯುವ ಕೆಲಸ ಮನೆಯಲ್ಲಿ ಯಾರಾದರೂ ಒಬ್ಬರದ್ದಾಗಿರಲಿ.